ಲೆಕ್ಕ ಮಾಡುವ ಜಿಮ್ಮಿ: ಆರು ಸಾವಿರ ರೂಪಾಯಿಯ ಒಂದು ಪ್ರದರ್ಶನದ ವಿಮರ್ಶೆ

ತುಮಕೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘವು ಪ್ರತಿ ವರ್ಷ ಏಪ್ರಿಲ್ ತಿಂಗಳಿನಲ್ಲಿ ಮಕ್ಕಳಿಗಾಗಿ ಹತ್ತು ದಿನಗಳ ಬೇಸಿಗೆ ಶಿಬಿರವನ್ನು ನಡೆಸುತ್ತದೆ. ಸಮಾರೋಪದ ದಿನ ಒಂದು ವರ್ಷ ಜಾದೂ, ಇನ್ನೊಂದು ವರ್ಷ ತೊಗಲುಗೊಂಬೆ ಎಂದು ಏನಾದರೊಂದನ್ನು ಕರೆಸುವುದು ರೂಢಿ. ಈ ಸಲ ಸಂಘದ ಕಾರ್ಯದರ್ಶಿಗಳ ಕೈಗೆ ಒಂದು ಕರಪತ್ರ ಸಿಕ್ಕಿತು. ಮನುಷ್ಯರಂತೆ ಯೋಚಿಸುವ, ಕೂಡುವ, ಕಳೆಯುವ, ಗುಣಿಸುವ, ಮನಸ್ಸಿನಲ್ಲಿರುವುದನ್ನು ಹೇಳುವ ನಾಯಿ ಎಂದು ಅದರಲ್ಲಿ ಮುದ್ರಿಸಿತ್ತು. ನಾಯಿಯ ಹೆಸರು ಜಿಮ್ಮಿ. ಊರಿನ ಹೊರವಲಯದಲ್ಲಿ ಸಾಕುನಾಯಿಗಳಿಗೆ ತರಬೇತಿ ಕೊಡುವ ಕೇಂದ್ರವೊಂದರವರು ಮದುವೆ, ಹುಟ್ಟುಹಬ್ಬ, ಶಾಲಾ ವಾರ್ಷಿಕೋತ್ಸವಗಳಿಗೆ ಈ ಪ್ರದರ್ಶನವನ್ನು ಕೊಡುತ್ತಾರೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನೆಂಬ ಕಾರಣಕ್ಕೆ, ‘ಮೇಷ್ಟ್ರೇ, ಇದು ನಿಮ್ಮ ವಿಷಯ’ ಎಂದು ಇದರ ಹೊಣೆಯನ್ನು ನನ್ನ ಹೆಗಲಿಗೇ ಹಾಕಿದರು. ಕೇಂದ್ರದ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಬೇಕಾಗಿರುವುದು ಇಂಥ ಪ್ರದರ್ಶನ ಕೊಡುವ ಯಾರಿಗಾದರೂ, ಅದಕ್ಕಿಂತ ಹೆಚ್ಚಾಗಿ ಕರೆಸುವ ಯಾರಿಗಾದರೂ ಅನ್ವಯಿಸುವ ಮಾತು.

ವ್ಯವಹಾರದ ಸಂಗತಿಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಮುಕ್ಕಾಲು ಗಂಟೆಯ ಪ್ರದರ್ಶನಕ್ಕೆ 6,000 ರೂಪಾಯಿ. ಅದರಲ್ಲಿ 2,000 ಮುಂಗಡ, ಉಳಿದದ್ದು ಕಾರ್ಯಕ್ರಮದ ನಂತರ. ಬೆಳಿಗ್ಗೆ ಹತ್ತಕ್ಕೆ ಬರಬೇಕಾದವರು ಹತ್ತೂ ನಲವತ್ತಕ್ಕೆ ಬಂದರು. ಅಷ್ಟರಲ್ಲಿ ಸಮುದಾಯ ಭವನದಲ್ಲಿ ಕುಳಿತ ನೂರಕ್ಕೂ ಹೆಚ್ಚು ಮಕ್ಕಳನ್ನು ಸುಮ್ಮನಿರಿಸುವುದಕ್ಕೆ ನಾನೇ ಮಗ್ಗಿ ಹೇಳಿಸಬೇಕಾಯಿತು. ಆದರೆ ಬಂದ ನಾಯಿಯನ್ನು ನೋಡಿದ ಮೇಲೆ ತಡವಾದ ಕೋಪ ಉಳಿಯಲಿಲ್ಲ. ಮೂರು ವರ್ಷದ, ಬೆಣ್ಣೆ ಬಣ್ಣದ ಲ್ಯಾಬ್ರಡಾರ್. ಮೈ ತೊಳೆದು ಬಾಚಿದ್ದರು, ಉಗುರು ಕತ್ತರಿಸಿದ್ದರು, ಕುಡಿಯುವ ನೀರನ್ನೂ ಬಟ್ಟಲನ್ನೂ ಜೊತೆಗೇ ತಂದಿದ್ದರು. ಕಾರಿನಿಂದ ಇಳಿದ ತಕ್ಷಣ ಅದು ಗುಂಪಿನತ್ತ ನೋಡದೆ ಮೊದಲು ತನ್ನ ಯಜಮಾನನ ಮುಖವನ್ನು ನೋಡಿತು. ಆಗ ನಾನು ಅದನ್ನು ಗಮನಿಸಿದೆನೇ ಹೊರತು ಅದಕ್ಕೆ ಅರ್ಥ ಕಟ್ಟಲಿಲ್ಲ.

ಪ್ರದರ್ಶನ ಚೆನ್ನಾಗಿತ್ತು ಎಂಬುದನ್ನು ಯಾವ ಸಂಕೋಚವೂ ಇಲ್ಲದೆ ಹೇಳಬೇಕು. ಜಿಮ್ಮಿಯ ಮುಂದೆ ಒಂದು ಮರದ ಹಲಗೆ. ಅದರ ಪಕ್ಕದಲ್ಲಿ ಮೈಕ್. ಯಜಮಾನರು ಮಕ್ಕಳಲ್ಲಿ ಒಬ್ಬರನ್ನು ಕರೆದು ಲೆಕ್ಕ ಕೇಳಿಸುತ್ತಿದ್ದರು, ಜಿಮ್ಮಿ ಮುಂಗಾಲಿನಿಂದ ಹಲಗೆಯನ್ನು ತಟ್ಟಿ ಉತ್ತರ ಹೇಳುತ್ತಿತ್ತು. ಮೂರು ಕೂಡಿಸು ನಾಲ್ಕಕ್ಕೆ ಏಳು ತಟ್ಟು. ಹದಿನೈದನ್ನು ಮೂರರಿಂದ ಭಾಗಿಸಿದಾಗ ಐದು. ಐನೂರರ ನೋಟೊಂದನ್ನು ಯಜಮಾನರ ಕೈಗೆ ಕೊಟ್ಟರೆ ಅದರ ಕ್ರಮಸಂಖ್ಯೆಯ ಕೊನೆಯ ಅಂಕಿ. ನನ್ನ ಮೊಮ್ಮಗಳು ತನ್ನ ವಯಸ್ಸನ್ನು ಯಜಮಾನರ ಕಿವಿಯಲ್ಲಿ ಹೇಳಿ ಬಂದಳು. ಜಿಮ್ಮಿ ಹನ್ನೊಂದು ಸಲ ತಟ್ಟಿ ನಿಂತಿತು, ಸಭಾಂಗಣದ ತಗಡಿನ ಛಾವಣಿ ಹಾರುವಂತೆ ಚಪ್ಪಾಳೆ. ಹದಿನೇಳು ಪ್ರಶ್ನೆಗಳಲ್ಲಿ ಒಂದೇ ಒಂದು ತಪ್ಪಿತು. ನನ್ನ ಅನುಭವದಲ್ಲಿ ಎಂಟನೆಯ ತರಗತಿಯ ಸರಾಸರಿ ಇದಕ್ಕಿಂತ ಕಡಿಮೆ.

ಹೀಗೆ ಚಪ್ಪಾಳೆ ಗಿಟ್ಟಿಸಿದ ಪ್ರಾಣಿಗಳ ವಂಶಾವಳಿ ಉದ್ದವಾಗಿದೆ. 1590ರ ದಶಕದ ಲಂಡನ್ನಿನಲ್ಲಿ ಮೊರಾಕೊ ಎಂಬ ಕುದುರೆ ದಾಳದ ಚುಕ್ಕೆಗಳನ್ನು ಎಣಿಸಿ ಗೊರಸಿನಿಂದ ಹೇಳುತ್ತಿತ್ತು, ಕೈಗವಸನ್ನು ಅದರ ಒಡೆಯನಿಗೇ ಹುಡುಕಿ ಕೊಡುತ್ತಿತ್ತು. 1785ರಲ್ಲಿ ಅದೇ ಊರಿನಲ್ಲಿ ಜನ ಸಾಲುಗಟ್ಟಿ ನಿಂತದ್ದು ಅಕ್ಷರದ ಕಾರ್ಡುಗಳನ್ನು ಆರಿಸಿ ಪದ ಕಟ್ಟುವ ಒಂದು ಹಂದಿಯನ್ನು ನೋಡುವುದಕ್ಕೆ. ನಮ್ಮ ಜಿಮ್ಮಿಯ ಹೆಸರಿನವರೇ ಇಬ್ಬರಿದ್ದಾರೆ: ಗುಲಾಮಗಿರಿಯಲ್ಲಿ ಹುಟ್ಟಿ ಮುಂದೆ ಪಶುವೈದ್ಯನಾದ ವಿಲಿಯಂ ಕೀ ಎಂಬಾತ ಸಾಕಿ, 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಮೆರೆಸಿದ ಕುದುರೆ ಜಿಮ್ ಕೀ, ಮಿಸೌರಿಯ ಮಾರ್ಷಲ್ ಎಂಬ ಊರಿನಲ್ಲಿದ್ದು 1937ರಲ್ಲಿ ತೀರಿಕೊಂಡ, ಕುದುರೆ ಪಂದ್ಯದಲ್ಲಿ ಗೆಲ್ಲುವವರನ್ನು ಮೊದಲೇ ಹೇಳುತ್ತದೆಂದು ಹೆಸರು ಮಾಡಿದ್ದ ನಾಯಿ ಜಿಮ್. ಆದರೆ ಈ ಸಾಲಿನಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವನು ಬರ್ಲಿನ್ನಿನ ಹಾನ್ಸ್. ಹಾನ್ಸ್ ಮಾತ್ರವಲ್ಲ, ಅವನ ಒಡೆಯನೂ.

ವಿಲ್ಹೆಲ್ಮ್ ಫಾನ್ ಓಸ್ಟನ್ ಕೂಡ ನನ್ನಂತೆ ನಿವೃತ್ತ ಗಣಿತ ಮೇಷ್ಟ್ರು. ತನ್ನ ಕುದುರೆ ಹಾನ್ಸನನ್ನು ಅಂಗಳದಲ್ಲಿ ಕಪ್ಪುಹಲಗೆಯ ಮುಂದೆ ನಿಲ್ಲಿಸಿ, ಮಣಿಚೌಕಟ್ಟು ಹಿಡಿದು, ಶಾಲೆಯ ಮಕ್ಕಳಿಗೆ ಹೇಳಿಕೊಡುವಂತೆಯೇ ವರ್ಷಗಟ್ಟಲೆ ಹೇಳಿಕೊಟ್ಟರು. ಹಾನ್ಸ್ ಗೊರಸು ತಟ್ಟಿ ಭಿನ್ನರಾಶಿಗಳನ್ನೂ ಕೂಡಿಸುತ್ತಿದ್ದ, ಇಂದು ಯಾವ ತಾರೀಖು ಎಂದೂ ಹೇಳುತ್ತಿದ್ದ. ಫಾನ್ ಓಸ್ಟನ್ ಇದಕ್ಕೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಬಂದವರೆಲ್ಲ ಉಚಿತವಾಗಿ ನೋಡಬಹುದಾಗಿತ್ತು. 1904ರ ಸೆಪ್ಟೆಂಬರಿನಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಸ್ಟುಂಫ್ ಅವರ ನೇತೃತ್ವದಲ್ಲಿ, ಸರ್ಕಸ್ಸಿನವರು, ಮೃಗಾಲಯದವರು ಎಲ್ಲ ಸೇರಿದ ಹದಿಮೂರು ಜನರ ಸಮಿತಿಯೊಂದು ಪರೀಕ್ಷಿಸಿ, ಇಲ್ಲಿ ಮೋಸವೇನೂ ಇಲ್ಲ ಎಂದು ಬರೆದುಕೊಟ್ಟಿತು. ಅದು ನಿಜವೂ ಆಗಿತ್ತು. ಸ್ಟುಂಫರ ಶಿಷ್ಯ ಆಸ್ಕರ್ ಫುಂಗ್‌ಸ್ಟ್ ಮುಂದುವರಿದು ಕೇಳಿದ್ದು ಮೋಸದ ಪ್ರಶ್ನೆಯನ್ನಲ್ಲ. ಉತ್ತರ ಯಾರಿಗೂ ತಿಳಿಯದಿದ್ದಾಗ ಏನಾಗುತ್ತದೆ ಎಂಬುದನ್ನು. ಪ್ರಶ್ನೆ ಕೇಳಿದವರಿಗೆ ಉತ್ತರ ಗೊತ್ತಿದ್ದಾಗ ಶೇ. 89ರಷ್ಟು ಸರಿಯಾಗಿದ್ದ ಹಾನ್ಸ್, ಅವರಿಗೆ ಗೊತ್ತಿಲ್ಲದಿದ್ದಾಗ ಶೇ. 6ಕ್ಕೆ ಇಳಿದ. ಕೇಳುವವರು ಗೊರಸನ್ನು ನೋಡಲು ತುಸು ಬಾಗುತ್ತಿದ್ದರು. ಸರಿಯಾದ ಸಂಖ್ಯೆ ಬಂದೊಡನೆ ತಮಗೇ ತಿಳಿಯದಂತೆ ತಲೆಯನ್ನು ಕೂದಲೆಳೆಯಷ್ಟು ಮೇಲೆತ್ತುತ್ತಿದ್ದರು. ಹಾನ್ಸ್ ಓದುತ್ತಿದ್ದದ್ದು ಕಪ್ಪುಹಲಗೆಯನ್ನಲ್ಲ, ಆ ತಲೆಯನ್ನು. ಕುದುರೆಯ ಕಣ್ಣಿನ ಪಕ್ಕಕ್ಕೆ ಪಟ್ಟಿ ಕಟ್ಟಿ ಮನುಷ್ಯ ಕಾಣದಂತೆ ಮಾಡಿದರೆ ಲೆಕ್ಕವೂ ಮರೆತುಹೋಗುತ್ತಿತ್ತು.

ಈ ಕಥೆ ನನಗೆ ಮೊದಲೇ ಗೊತ್ತಿದ್ದದ್ದರಿಂದ ಎರಡನೆಯ ಪ್ರಶ್ನೆಯ ಹೊತ್ತಿಗೇ ನನ್ನ ಕಣ್ಣು ನಾಯಿಯನ್ನು ಬಿಟ್ಟು ಯಜಮಾನರ ಮೇಲೆ ನೆಟ್ಟಿತ್ತು. ಅವರು ಕೈ ಕಟ್ಟಿಕೊಂಡು, ಗದ್ದವನ್ನು ಎದೆಗೆ ತಗ್ಗಿಸಿ ನಿಲ್ಲುತ್ತಿದ್ದರು; ಉತ್ತರ ಬಂದಾಗ ಗದ್ದ ಏಳುತ್ತಿತ್ತು. ಸೊಂಟದ ಚೀಲದತ್ತ ಕೈ ಹೋಗುತ್ತಿದ್ದದ್ದು ಅದರ ನಂತರ; ಆ ಚೀಲದಲ್ಲಿ ಬೇಯಿಸಿದ ಕೋಳಿಯ ಚೂರುಗಳಿದ್ದವು. ಮಕ್ಕಳು ಊಟಕ್ಕೆ ಎದ್ದು ಜಿಮ್ಮಿ ಅರ್ಧ ಗಂಟೆ ಮಲಗಿ ಎದ್ದ ಮೇಲೆ, ಒಂದು ಸಣ್ಣ ಪರೀಕ್ಷೆ ಮಾಡಬಹುದೇ ಎಂದು ಅವರನ್ನೇ ಕೇಳಿದೆ. ‘ಧಾರಾಳವಾಗಿ ಮಾಡಿ ಸಾರ್’ ಎಂದರು. ಆ ಧಾರಾಳಕ್ಕಾಗಿ ಅವರ ಬಗ್ಗೆ ನನಗೆ ಗೌರವವಿದೆ. ಮೋಸ ಮಾಡುವವರು ಹಾಗೆ ಒಪ್ಪುವುದಿಲ್ಲ.

ಎರಡರಿಂದ ಹನ್ನೆರಡರೊಳಗೆ ಉತ್ತರ ಬರುವ ಇಪ್ಪತ್ತನಾಲ್ಕು ಲೆಕ್ಕಗಳನ್ನು ದಪ್ಪ ರಟ್ಟಿನ ಮೇಲೆ ಬರೆದುಕೊಂಡಿದ್ದೆ. ಮೊದಲ ಎಂಟನ್ನು ಯಜಮಾನರು ನೋಡಿ, ಓದಿ, ಜಿಮ್ಮಿಯನ್ನು ಕೇಳಿದರು: ಏಳು ಸರಿ. ಮುಂದಿನ ಎಂಟನ್ನು ಇಸ್ಪೀಟಿನೆಲೆಗಳಂತೆ ಕಲೆಸಿ, ಕಾರ್ಡಿನ ಮುಖ ನಾಯಿಗೆ ಮಾತ್ರ ಕಾಣುವಂತೆ, ನಾವು ಯಾರೂ ನೋಡದೆ ಹಿಡಿದೆವು. ಜಿಮ್ಮಿ ಎರಡು ತಟ್ಟಿತು, ಯಜಮಾನರ ಮುಖ ನೋಡಿತು. ಮತ್ತೆ ಮೂರು ತಟ್ಟಿತು, ಮತ್ತೆ ನೋಡಿತು. ಒಮ್ಮೆ ಇಪ್ಪತ್ತರವರೆಗೂ ತಟ್ಟುತ್ತಲೇ ಹೋಯಿತು. ಎಂಟರಲ್ಲಿ ಒಂದು ಸರಿ, ಅದೂ ಅದೃಷ್ಟದಿಂದ. ಇಷ್ಟು ನಾನು ನಿರೀಕ್ಷಿಸಿದ್ದೇ. ಬರ್ಲಿನ್ನಿನ ಪಾಠ ಬಡಾವಣೆಯ ಸಮುದಾಯ ಭವನದಲ್ಲಿ ಮತ್ತೊಮ್ಮೆ ನಡೆಯಿತೆಂದು ಮನಸ್ಸಿನಲ್ಲಿ ಬೀಗುತ್ತಲೂ ಇದ್ದೆ.

ಉಳಿದ ಎಂಟರಲ್ಲಿ ನನ್ನ ಬೀಗುವಿಕೆ ಇಳಿಯಿತು. ಯಜಮಾನರು ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾರ್ಡನ್ನು ನಾನು ಓದಿಕೊಂಡು, ಮುಖದಲ್ಲಿ ಯಾವ ಭಾವವನ್ನೂ ತೋರಿಸಬಾರದೆಂದು ಗಟ್ಟಿ ಮಾಡಿಕೊಂಡು, ಕಲ್ಲಿನ ಕಂಬದಂತೆ ನಿಂತು ಜಿಮ್ಮಿಯನ್ನು ಕೇಳಿದೆ. ನಾನು ಅದಕ್ಕೆ ಅಪರಿಚಿತ, ನನ್ನ ಬಳಿ ಕೋಳಿಯ ಚೂರೂ ಇರಲಿಲ್ಲ. ಮೊದಲ ಎರಡು ಲೆಕ್ಕ ತಪ್ಪಿದವು. ಅಷ್ಟರಲ್ಲಿ ಅದು ನನ್ನನ್ನು ಕಲಿತುಬಿಟ್ಟಿತ್ತೋ ಏನೋ, ಮುಂದಿನ ಆರನ್ನೂ ಸರಿಯಾಗಿ ಹೇಳಿತು. ಪಕ್ಕದಲ್ಲಿ ಕುಳಿತು ಎಣಿಕೆ ಬರೆದುಕೊಳ್ಳುತ್ತಿದ್ದ ಮೊಮ್ಮಗಳು ನಕ್ಕು ಹೇಳಿದಳು: ‘ತಾತ, ಉತ್ತರ ಬಂದ ತಕ್ಷಣ ನೀನು ಉಸಿರು ಬಿಡ್ತೀಯ. ಕನ್ನಡಕ ಸ್ವಲ್ಪ ಮೇಲೆ ಹೋಗುತ್ತೆ.’

ಫುಂಗ್‌ಸ್ಟ್ ಕೂಡ ನನ್ನ ಮೊಮ್ಮಗಳಂತೆ ಮನುಷ್ಯರನ್ನೇ ಗಮನಿಸಿದ್ದರು. ಕುದುರೆಯ ಜಾಗದಲ್ಲಿ ತಾವೇ ನಿಂತು, ಎದುರಿಗಿದ್ದವರು ಮನಸ್ಸಿನಲ್ಲಿ ನೆನೆದ ಸಂಖ್ಯೆಯನ್ನು ಅವರ ತಲೆಯ ಚಲನೆ ನೋಡಿ ತಟ್ಟಿ ಹೇಳಿದರು. ಇಪ್ಪತ್ತೈದು ಜನರಲ್ಲಿ ಇಪ್ಪತ್ತಮೂರು ಮಂದಿ ತಮಗೆ ಅರಿವಿಲ್ಲದೆಯೇ ಸುಳಿವು ಕೊಟ್ಟರು. ಈ ಅಂಕಿಯನ್ನು ಹಿಂದೆ ಓದಿದಾಗ ನಾನು ಆ ಉಳಿದ ಇಬ್ಬರಲ್ಲಿ ಒಬ್ಬನೆಂದು ಒಳಗೊಳಗೇ ನಂಬಿದ್ದೆ. ಈಗ ಯೋಚಿಸಿದರೆ, ಮೂವತ್ತೊಂದು ವರ್ಷ ನನ್ನ ಬೋರ್ಡಿನ ಮುಂದೆ ನಿಂತು, ‘ಎಂಟು... ಅಲ್ಲ ಸಾರ್, ಒಂಬತ್ತು’ ಎಂದು ಉತ್ತರ ತಿದ್ದಿಕೊಂಡ ಮಕ್ಕಳಲ್ಲಿ ಎಷ್ಟು ಮಂದಿಗೆ ಗಣಿತ ಬಂದಿತ್ತೋ, ಎಷ್ಟು ಮಂದಿಗೆ ನನ್ನ ಕನ್ನಡಕ ಓದಲು ಬಂದಿತ್ತೋ ನನಗೆ ತಿಳಿಯದು. ಅವರನ್ನೆಲ್ಲ ಮೌಖಿಕ ಪರೀಕ್ಷೆಯಲ್ಲಿ ಹೊಗಳಿ, ಲಿಖಿತ ಪರೀಕ್ಷೆಯಲ್ಲಿ ಏಕೆ ಅಂಕ ಬರಲಿಲ್ಲವೆಂದು ಗದರಿಸಿದವನೂ ನಾನೇ. ಇದು ಈ ವಿಮರ್ಶೆಗೆ ಸಂಬಂಧಿಸಿದ ಮಾತಲ್ಲದಿದ್ದರೂ ಬಿಡಲು ಮನಸ್ಸಾಗಲಿಲ್ಲ.

ಬಾಗಿಲು ತೆರೆದು ಎಣಿಕೆಯ ಹಾಳೆಯನ್ನು ತೋರಿಸಿದಾಗ ಯಜಮಾನರ ಮುಖ ಸಪ್ಪಗಾಯಿತು. ತಾವು ಯಾವ ಸನ್ನೆಯನ್ನೂ ಕಲಿಸಿಲ್ಲ, ಮೂರು ತಿಂಗಳು ದಿನಾ ಬೆಳಿಗ್ಗೆ ಕಾರ್ಡು ಹಿಡಿದು ಒಂದರಿಂದ ಹತ್ತು ಹೇಳಿಕೊಟ್ಟದ್ದಷ್ಟೇ ಎಂದರು. ನಾನು ಅದನ್ನು ನಂಬುತ್ತೇನೆ. ಫಾನ್ ಓಸ್ಟನ್ ಕೂಡ ಕೊನೆಯವರೆಗೆ ಫುಂಗ್‌ಸ್ಟ್ ಹೇಳಿದ್ದನ್ನು ಒಪ್ಪಲಿಲ್ಲ, 1909ರಲ್ಲಿ ತೀರಿಕೊಂಡರು. ಸುಳಿವು ಕೊಡುವವನಿಗೇ ಸುಳಿವು ತಿಳಿಯದಿರುವುದು ಈ ವಿದ್ಯೆಯ ಸ್ವಭಾವ. ಬೇಕೆಂದೇ ಕಲಿಸಿದ ಸನ್ನೆಯಾಗಿದ್ದರೆ ನನ್ನಂಥ ಅಪರಿಚಿತನೊಂದಿಗೆ ಅದು ನಡೆಯುತ್ತಲೇ ಇರಲಿಲ್ಲ. ಆದ್ದರಿಂದ ಈ ಪ್ರದರ್ಶನವನ್ನು ಮೋಸವೆಂದು ನಾನು ಕರೆಯುವುದಿಲ್ಲ; ಕರಪತ್ರದಲ್ಲಿರುವ ವಾಕ್ಯ ಸುಳ್ಳು, ಹಲಗೆಯ ಮೇಲೆ ನಡೆದದ್ದು ಸುಳ್ಳಲ್ಲ.

ನಾನು ತಕರಾರು ಹೇಳಬೇಕಾಗಿರುವುದು ಪ್ರದರ್ಶನ ಮುಗಿದ ಮೇಲೆ ನಡೆದ ಇನ್ನೊಂದು ಸೇವೆಯ ಬಗ್ಗೆ. ಒಪ್ಪಂದದಲ್ಲಿ ಇಲ್ಲದ ಆ ಬಾಬತ್ತಿನ ಹೆಸರು ‘ಜಿಮ್ಮಿಯನ್ನು ಕೇಳಿ’. ಪ್ರಶ್ನೆಯೊಂದಕ್ಕೆ 50 ರೂಪಾಯಿ. ಹೌದಾದರೆ ಒಂದು ತಟ್ಟು, ಇಲ್ಲವಾದರೆ ಎರಡು. ನಮ್ಮನ್ನು ಕೇಳದೆಯೇ ಸಭಾಂಗಣದ ಮೂಲೆಯಲ್ಲಿ ಮೇಜು ಹಾಕಿಕೊಂಡರು, ಜನರೂ ಸೇರಿದರು. ಮನೆಗೆ ಸಾಲ ಮಂಜೂರಾಗುತ್ತದೆಯೇ ಎಂದು ಒಬ್ಬರು, ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆಯೇ ಎಂದು ಇನ್ನೊಬ್ಬರು. ಅದು ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಎಲ್ಲರೂ ಕಾಯುತ್ತಿದ್ದ ವಾರ. ನಮ್ಮ ಹಿಂದಿನ ರಸ್ತೆಯ ಹುಡುಗಿಯೊಬ್ಬಳು ತಾಯಿಯೊಡನೆ ಬಂದು, ತಾನು ಪಾಸಾಗುತ್ತೇನೆಯೇ ಎಂದು ಕೇಳಿದಳು. ಜಿಮ್ಮಿ ಒಂದು ತಟ್ಟಿ ಅವಳ ಮುಖ ನೋಡಿತು. ಮತ್ತೆ ಒಂದು ತಟ್ಟಿತು. ಹುಡುಗಿ ಅಲ್ಲೇ ಅಳಲು ತೊಡಗಿದಳು.

ಅಂದು ನಾನೂ ಬೈದುಕೊಂಡದ್ದು ನಾಯಿಯನ್ನೇ. ನನ್ನ ಕಾರ್ಡುಗಳ ಪರೀಕ್ಷೆ ಮುಗಿದ ಮೇಲೆ ಅದು ಹೇಗೆ ನಡೆದಿರಬೇಕೆಂದು ಹೊಳೆಯಿತು. ತಟ್ಟುವುದನ್ನು ನಿಲ್ಲಿಸಲು ಜಿಮ್ಮಿ ಕಾಯುವುದು ಎದುರಿನವರು ನಿರಾಳರಾಗುವ ಆ ಒಂದು ಕ್ಷಣಕ್ಕೆ. ಒಂದು ತಟ್ಟಿದ ಮೇಲೂ ಮುಖ ಬಿಗಿದುಕೊಂಡೇ ಇದ್ದರೆ, ಕೆಲಸ ಇನ್ನೂ ಮುಗಿದಿಲ್ಲವೆಂದು ಅದು ಮುಂದುವರಿಸುತ್ತದೆ. ಹೀಗಾಗಿ ಧೈರ್ಯದಿಂದ ಬಂದವರಿಗೆ ಒಂದು ತಟ್ಟು, ಹೆದರಿ ಬಂದವರಿಗೆ ಎರಡು. ಹುಡುಗಿಯ ಉತ್ತರಪತ್ರಿಕೆಯನ್ನು ಜಿಮ್ಮಿ ನೋಡಿರಲಿಲ್ಲ, ಅವಳ ಹೆದರಿಕೆಯನ್ನು ನೋಡಿತ್ತು. ಫಲಿತಾಂಶ ಬಂದಾಗ ಅವಳು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಳು ಎಂಬುದು ಬೇರೆ ಮಾತು. ಅಲ್ಲಿಯವರೆಗೆ ಅವಳು ಸರಿಯಾಗಿ ಊಟ ಮಾಡಲಿಲ್ಲವೆಂದು ಅವಳ ತಾಯಿ ನನ್ನ ಹೆಂಡತಿಯ ಮುಂದೆ ಹೇಳಿಕೊಂಡರು.

ಇದೂ ಹೊಸ ವ್ಯಾಪಾರವಲ್ಲ. ಅಮೆರಿಕದ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಲೇಡಿ ವಂಡರ್ ಎಂಬ ಕುದುರೆ ಅಕ್ಷರದ ಹಲಗೆಗಳನ್ನು ಮೂತಿಯಿಂದ ಒತ್ತಿ ಭವಿಷ್ಯ ಹೇಳುತ್ತಿತ್ತು. ಮೂರು ಪ್ರಶ್ನೆಗೆ ಒಂದು ಡಾಲರ್. ಅದಕ್ಕೆ ಪರಚಿತ್ತಜ್ಞಾನವಿದೆಯೆಂದು ಜೆ. ಬಿ. ರೈನ್ ಅವರಂಥ ವಿದ್ವಾಂಸರೇ 1920ರ ದಶಕದ ಕೊನೆಯಲ್ಲಿ ನಂಬಿಬಿಟ್ಟಿದ್ದರು. ಮುಂದೆ ಮಿಲ್ಬೋರ್ನ್ ಕ್ರಿಸ್ಟೊಫರ್ ಎಂಬ ಜಾದೂಗಾರ ಹೋಗಿ, 9 ಬರೆಯುವಂತೆ ಪೆನ್ಸಿಲ್ಲನ್ನು ಗಾಳಿಯಲ್ಲಿ ಆಡಿಸಿ, ಕಾಗದದ ಮೇಲೆ ಮಾತ್ರ 1 ಬರೆದ. ಕುದುರೆ ಹೇಳಿದ್ದು 9. ಪೆನ್ಸಿಲ್ಲಿನ ಓಟವನ್ನು ಒಡತಿ ನೋಡುತ್ತಿದ್ದಳು, ಒಡತಿಯನ್ನು ಕುದುರೆ ನೋಡುತ್ತಿತ್ತು.

ನನ್ನ ಬಾಲ್ಯ ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ಕಳೆಯಿತು. ಸುಗ್ಗಿ ಮುಗಿದು ಕಣಜ ತುಂಬಿದ ಹೊತ್ತಿಗೆ ಕೋಲೆ ಬಸವ ಬರುತ್ತಿತ್ತು. ಬೆನ್ನ ಮೇಲೆ ಚಿತ್ತಾರದ ಬಟ್ಟೆ, ಕೊರಳಿಗೆ ಗಂಟೆ, ಹಿಂದೆ ಓಲಗ. ‘ಅಮ್ಮಾವರು ರಾಗಿ ಕೊಡ್ತಾರಾ ಬಸವಣ್ಣ?’ ಎಂದರೆ ತಲೆ ಮೇಲೆ ಕೆಳಗೆ. ‘ಹಳೇ ಸೀರೆ ಕೊಟ್ರೆ ಸಾಕಾ?’ ಎಂದರೆ ಅಡ್ಡಕ್ಕೆ. ಜಗಲಿಯ ಮೇಲೆ ಕುಳಿತವರೆಲ್ಲ ನಗು. ಹಗ್ಗದ ಜಗ್ಗು, ಡೋಲಿನ ಪೆಟ್ಟು ಬದಲಾಗುವುದು ಎಂಟು ವರ್ಷದ ನನಗೂ ಕಾಣುತ್ತಿತ್ತು, ಅಜ್ಜಿಗೂ ಕಾಣುತ್ತಿತ್ತು. ಅವಳು ಕಂಡೂ ಕಾಣದಂತೆ ಮೊರದ ತುಂಬ ರಾಗಿ ಸುರಿಯುತ್ತಿದ್ದಳು. ಏನು ಹೇಳಿದರೂ ಹೂಂ ಎನ್ನುವವರನ್ನು ಕೋಲೆ ಬಸವ ಎಂದು ಕರೆಯುವ ನಮ್ಮ ಮಾತಿನಲ್ಲೇ ಆ ವಿದ್ಯೆಯ ಗುಟ್ಟು ರಟ್ಟಾಗಿದೆ, ಆದರೂ ಆ ಆಟ ಯಾರಿಗೂ ಕಹಿಯಾಗಿರಲಿಲ್ಲ. ತಮಾಷೆಯ ಪ್ರಶ್ನೆಗೆ ಬಸವಣ್ಣ ಎಷ್ಟು ಸಲ ಬೇಕಾದರೂ ಇಲ್ಲ ಎನ್ನುತ್ತಿತ್ತು. ‘ಈ ಮನೆಗೆ ಒಳ್ಳೇದಾಗ್ತದಾ?’ ಎಂಬ ಪ್ರಶ್ನೆಗೆ ಅದು ಅಡ್ಡಕ್ಕೆ ತಲೆಯಾಡಿಸಿದ್ದನ್ನು ಮಾತ್ರ ನಾನು ಒಮ್ಮೆಯೂ ಕಂಡಿಲ್ಲ. ಹಗ್ಗ ಹಿಡಿದವನಿಗೆ ಯಾವ ಪ್ರಶ್ನೆಗೆ ಯಾವ ಉತ್ತರ ಬರಬೇಕೆಂಬ ಎಚ್ಚರವಿತ್ತು. ಜಿಮ್ಮಿಯ ಯಜಮಾನರಿಗೆ ಹಗ್ಗ ತಮ್ಮ ಕೈಯಲ್ಲಿದೆ ಎಂಬುದೇ ಗೊತ್ತಿಲ್ಲ. ನನ್ನ ತಕರಾರೆಲ್ಲ ಅಷ್ಟರಲ್ಲೇ ಅಡಗಿದೆ.

ಹಗ್ಗ ಕಾಣದಿದ್ದರೆ ಆಗುವ ಅನಾಹುತ ಜಾತ್ರೆ, ಮೇಳಗಳಿಗೆ ಮುಗಿಯುವುದಿಲ್ಲ. 2011ರಲ್ಲಿ ಪ್ರಕಟವಾದ, ಕ್ಯಾಲಿಫೋರ್ನಿಯಾದ ಲೀಸಾ ಲಿಟ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಮಾದಕವಸ್ತು ಹಾಗೂ ಸ್ಫೋಟಕ ಪತ್ತೆ ಮಾಡುವ 18 ನಾಯಿಗಳನ್ನು ಅವುಗಳ ನಿರ್ವಾಹಕರೊಂದಿಗೆ ಏನೂ ಅಡಗಿಸಿಡದ ಕೋಣೆಗಳಿಗೆ ಬಿಡಲಾಯಿತು. ಅಲ್ಲಿ ವಾಸನೆ ಇಟ್ಟಿರಬಹುದೆಂದು ನಿರ್ವಾಹಕರಿಗೆ ಮಾತ್ರ ನಂಬಿಸಲಾಗಿತ್ತು. ಇಲ್ಲದ ವಸ್ತು ಸಿಕ್ಕಿತೆಂದು ಒಟ್ಟು 225 ಸಲ ವರದಿಯಾಯಿತು. ಸಮುದಾಯ ಭವನದಲ್ಲಿ ಇಂಥ ತಪ್ಪಿಗೆ ಒಬ್ಬ ಹುಡುಗಿ ಅಳುತ್ತಾಳೆ; ತಪಾಸಣೆಯ ಸಾಲಿನಲ್ಲಿ ಯಾರದೋ ಚೀಲ ಬಿಚ್ಚಲ್ಪಡುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಜಿಮ್ಮಿ ದಡ್ಡ ನಾಯಿ ಎಂಬ ಅರ್ಥ ಬಂದರೆ ಅದು ನನ್ನ ಬರವಣಿಗೆಯ ದೋಷ. ಅದಕ್ಕೆ ಕೂಡುವುದು ಬರುವುದಿಲ್ಲ ಎಂಬುದು ನಿಜ. ಪ್ರಾಣಿಗಳಿಗೆ ಎಣಿಕೆ ಸಾಧ್ಯವೇ ಇಲ್ಲವೆಂದೇನೂ ಅಲ್ಲ: ಐರೀನ್ ಪೆಪ್ಪರ್‌ಬರ್ಗ್ ಅವರು 1977ರಿಂದ ಮೂವತ್ತು ವರ್ಷ ಪಾಠ ಹೇಳಿದ ಆಫ್ರಿಕಾದ ಬೂದು ಗಿಳಿ ಅಲೆಕ್ಸ್, ತಟ್ಟೆಯಲ್ಲಿರುವ ವಸ್ತುಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ ಆರರವರೆಗೆ ಎಣಿಸಿ ಬಾಯಿಬಿಟ್ಟು ಹೇಳುತ್ತಿತ್ತು, 2007ರಲ್ಲಿ ಅದು ಸಾಯುವ ಹೊತ್ತಿಗೆ ಸುಮಾರು ನೂರು ಪದಗಳು ಅದಕ್ಕೆ ಗೊತ್ತಿದ್ದವು. ಹಾನ್ಸನ ಪಾಠದಿಂದಾಗಿಯೇ ಅಲ್ಲಿ ಪ್ರತಿ ಹೆಜ್ಜೆಯಲ್ಲೂ ಸುಳಿವು ಸೋರದಂತೆ ಎಚ್ಚರ ವಹಿಸಿದ್ದರು. ಜಿಮ್ಮಿಯ ವಿದ್ಯೆ ಅದಲ್ಲ. ಒಬ್ಬ ಅಪರಿಚಿತ ಮುದುಕನ ಉಸಿರನ್ನು ಎರಡೇ ಲೆಕ್ಕಗಳಲ್ಲಿ ಕಲಿತು ಮೂರನೆಯದಕ್ಕೆ ಓದಿಬಿಡುವುದು ಅದರ ವಿದ್ಯೆ, ಅದು ನನಗೆ ಮೂರು ಕೂಡಿಸು ನಾಲ್ಕಕ್ಕಿಂತ ಕಷ್ಟದ್ದಾಗಿ ಕಾಣುತ್ತದೆ. ಕೋಲ್ಕತ್ತಾದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ (ಐಐಎಸ್‌ಇಆರ್) ಅನಿಂದಿತಾ ಭದ್ರ ಅವರ ತಂಡ ನಮ್ಮ ದೇಶದ ಬೀದಿನಾಯಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ತರಬೇತಿಯೂ ಇಲ್ಲದ, ಯಾರ ಮನೆಯಲ್ಲೂ ಬೆಳೆಯದ ನಾಯಿಗಳು ಕೂಡ, ಹತ್ತಿರ ಬಂದವುಗಳ ಪೈಕಿ ಸುಮಾರು ಶೇ. 80ರಷ್ಟು, ಅಪರಿಚಿತರು ಬೆರಳು ತೋರಿದ ಬಟ್ಟಲಿನತ್ತಲೇ ಹೋದವು. ಬಿ.ಎಚ್. ರಸ್ತೆಯ ಪಕ್ಕದ ಹೋಟೆಲಿನ ಮುಂದೆ ಮಲಗಿರುವ ನಾಯಿ, ಒಳಗೆ ಕುಳಿತ ಹತ್ತು ಮಂದಿಯಲ್ಲಿ ಯಾರು ಇಡ್ಲಿಯ ತುಂಡು ಎಸೆಯುತ್ತಾರೆಂದು ನೋಡಿದೊಡನೆ ಅರಿಯುವುದನ್ನು ಕಂಡವರಿಗೆ ಇದು ಆಶ್ಚರ್ಯವೇನಲ್ಲ.

ಆದ್ದರಿಂದ ಯಜಮಾನರಿಗೆ ನಾನು ಕೊಟ್ಟ ಸಲಹೆ ಇಷ್ಟೇ: ಕರಪತ್ರವನ್ನು ಬದಲಿಸಿ. ಲೆಕ್ಕ ಬಲ್ಲ ನಾಯಿ ಎಂಬುದನ್ನು ತೆಗೆದು, ನಿಮ್ಮ ಮುಖ ಓದುವ ನಾಯಿ ಎಂದು ಹಾಕಿ. ಪ್ರದರ್ಶನದ ಕೊನೆಯ ಹದಿನೈದು ನಿಮಿಷ ಮಕ್ಕಳೇ ಕಾರ್ಡು ಕಲೆಸಿ, ಮುಖಕ್ಕೆ ಟವೆಲ್ ಮುಚ್ಚಿಕೊಂಡು, ಬೆನ್ನು ತಿರುಗಿಸಿ ನಿಂತು, ಯಾವಾಗ ಜಿಮ್ಮಿ ಗೆಲ್ಲುತ್ತದೆ, ಯಾವಾಗ ಸೋಲುತ್ತದೆ ಎಂದು ತಾವೇ ಕಂಡುಹಿಡಿಯಲಿ. ನೂರು ಮಕ್ಕಳಿಗೆ ಪ್ರಯೋಗವೆಂದರೇನೆಂದು ಒಂದೇ ಬೆಳಿಗ್ಗೆಯಲ್ಲಿ ತಿಳಿಯುತ್ತದೆ. ನಾನೇ ಹತ್ತು ಶಾಲೆಗಳಿಗೆ ಶಿಫಾರಸು ಮಾಡುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಕೋಲೆ ಬಸವನ ತಲೆಯೋ ನಿಜವಾದದ್ದೋ ಕಾದು ನೋಡಬೇಕು.

ಕರೆಸುವವರು ತಿಳಿದಿರಬೇಕಾದ ಕಾನೂನಿನ ವಿಷಯವೊಂದಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರ ಅಡಿಯಲ್ಲಿ 2001ರಲ್ಲಿ ಬಂದ ನಿಯಮಗಳ ಪ್ರಕಾರ, ಹಣ ಪಡೆದು ಪ್ರದರ್ಶಿಸುವ ಪ್ರಾಣಿ ನಾಯಿಯೇ ಆಗಿರಲಿ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಡಿಸುವುದು 1998ರ ಅಧಿಸೂಚನೆಯಿಂದ ಪೂರ್ತಿ ನಿಷಿದ್ಧ. ಜಾತ್ರೆಯಲ್ಲಿ ಚೀಟಿ ಎತ್ತುವ ಗಿಳಿಯನ್ನು ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನೋಂದಣಿ ಪತ್ರ ತೋರಿಸಿ ಎಂದು ನಾನು ಕೇಳಿದ್ದು ಕಾರ್ಯಕ್ರಮ ಮುಗಿದ ಮೇಲೆ. ಅರ್ಜಿ ಹಾಕಿದ್ದೇವೆ ಎಂಬ ಉತ್ತರ ಬಂತು. ಮುಂಗಡ ಕೊಡುವ ಮೊದಲೇ ಕೇಳಬೇಕಿತ್ತು. ಈ ತಪ್ಪು ಅವರದಷ್ಟೇ ಅಲ್ಲ, ನನ್ನದೂ ಹೌದು.

ಅಂಕ ಕೊಡುವುದು ಹಳೆಯ ಅಭ್ಯಾಸವಾದ್ದರಿಂದ ಕೊಟ್ಟುಬಿಡುತ್ತೇನೆ. ಜಿಮ್ಮಿಗೆ ಐದಕ್ಕೆ ಐದು. ನಾಯಿಯನ್ನು ಸಾಕಿರುವ ರೀತಿಗೆ ನಾಲ್ಕು. ಏಪ್ರಿಲ್ ಬಿಸಿಲಿನಲ್ಲಿ ಕರೆತಂದದ್ದಕ್ಕೆ ಒಂದನ್ನು ಕಳೆದಿದ್ದೇನೆ, ಅದರಲ್ಲಿ ಅರ್ಧ ಪಾಲು ದಿನ ಗೊತ್ತು ಮಾಡಿದ ನಮಗೆ ಸಲ್ಲಬೇಕು. ಪ್ರದರ್ಶನಕ್ಕೆ ಮೂರೂವರೆ. ಸಮಯಪಾಲನೆಗೆ ಒಂದು. ‘ಜಿಮ್ಮಿಯನ್ನು ಕೇಳಿ’ ಎಂಬ ಬಾಬತ್ತಿಗೆ ಸೊನ್ನೆ. ಕರೆಸುವವರು ಅದು ಬೇಡವೆಂದು ಮೊದಲೇ ಬರವಣಿಗೆಯಲ್ಲಿ ತಿಳಿಸುವುದು ಒಳ್ಳೆಯದು. ಉಳಿದ 4,000 ರೂಪಾಯಿಯನ್ನು ಕೊಡುವಾಗ ಆ ಹುಡುಗಿಯ 50 ರೂಪಾಯಿಯನ್ನು ಹಿಡಿದುಕೊಳ್ಳುತ್ತೇನೆಂದು ನಾನು ಹೇಳಿದೆ. ಯಜಮಾನರು ಚರ್ಚೆ ಮಾಡದೆ ಒಪ್ಪಿದರು. ನೋಟನ್ನು ಜೇಬಿಗೆ ಹಾಕಿಕೊಂಡು ಅವಳ ಮನೆಯ ಕಡೆ ಹೊರಟಾಗ ಜಿಮ್ಮಿ ಕಾರಿನ ಹಿಂದಿನ ಸೀಟಿನಿಂದ, ಕಿಟಕಿಯ ಗಾಜಿಗೆ ಮೂಗು ಒತ್ತಿ, ನನ್ನ ಮುಖವನ್ನೇ ನೋಡುತ್ತಿತ್ತು.